ಪಾಳಿ ಎಲ್ಲಿ ಶುರುವಾಗುತ್ತದೆ?

ರಾಯಚೂರಿನಿಂದ ಹೈದರಾಬಾದಿನ ದಾರಿ ಹಿಡಿದರೆ ಕೃಷ್ಣಾ ನದಿ ದಾಟುವ ಮೊದಲು ಶಕ್ತಿನಗರ ಸಿಗುತ್ತದೆ. 1985ರಲ್ಲಿ ಇಲ್ಲಿಯ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾಯಿತು. ಮುಂದೆ ಘಟಕಗಳು ಎಂಟಾದವು. ಕೆಲಸಕ್ಕಾಗಿ ನಾನಾ ಕಡೆಯ ಜನ ಬಂದು ನೆಲೆಸಿದರು. ಮೈಸೂರಿನ ಕಡೆಯವರು ‘ಕ್ಯೂ’ ಎಂದರು, ‘ಸರದಿ’ ಎಂದರು. ಈ ನೆಲದವರು ‘ಪಾಳಿ’ ಎಂದರು. ಸ್ಥಾವರದಲ್ಲಿ ಹಗಲು-ರಾತ್ರಿ ಬದಲಾಗುವ ಕೆಲಸದ ಸರದಿಗೂ ಪಾಳಿ ಎಂದೇ ಹೆಸರು.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಯಾವುದೇ ಊರಿನ ನಲ್ಲಿಯ ಮುಂದೆ ನೋಡಿ. ಕೊಡಗಳು ಸಾಲಾಗಿ ನಿಂತಿರುತ್ತವೆ, ಮನುಷ್ಯರು ಕಾಣುವುದಿಲ್ಲ. ಕೊಡವೇ ಅದರ ಒಡತಿಯ ಪರವಾಗಿ ನಿಂತಿದೆ. ಒಡತಿ ರೊಟ್ಟಿ ಬಡಿಯುತ್ತಿರಬಹುದು, ಮಗುವಿಗೆ ಎರೆಯುತ್ತಿರಬಹುದು. ಪಡಿತರ ಅಂಗಡಿಯ ಮುಂದೆ ಕೈಚೀಲ, ಕಲ್ಲು, ಚಪ್ಪಲಿಗಳೂ ಹೀಗೆಯೇ ಪಾಳಿ ಹಿಡಿಯುತ್ತವೆ. ಹೊಸದಾಗಿ ಬಂದವರು ‘ಇಲ್ಲಿ ಯಾರೂ ಇಲ್ಲವಲ್ಲ’ ಎಂದು ನೇರವಾಗಿ ಮುಂದೆ ಹೋದರೆ ಜಗಳ ಶುರು! ಅವರು ದುಷ್ಟರಲ್ಲ, ಕಲ್ಲನ್ನು ಕಲ್ಲೆಂದೇ ತಿಳಿದವರು, ಅಷ್ಟೆ.

ಇದೇ ಗೊಂದಲ ಜಪಾನಿನಲ್ಲಿ ಪ್ರವಾಸಿಗಳಿಗೆ ಆಗುತ್ತದೆ. ಅಲ್ಲಿ ‘ಕೊಂಬಿನಿ’ ಎಂಬ ಸಣ್ಣ ಅಂಗಡಿಗಳು ಬೀದಿ ಬೀದಿಯಲ್ಲಿವೆ. ಸೆವೆನ್-ಇಲೆವೆನ್ ಸಂಸ್ಥೆಯ ಜಪಾನಿನ ಮೊದಲ ಅಂಗಡಿ ಟೋಕಿಯೋದಲ್ಲಿ 1974ರಲ್ಲಿ ತೆರೆಯಿತು. ಇಂಥ ಅಂಗಡಿಯಲ್ಲಿ ಹಣ ಕಟ್ಟುವ ಕಟ್ಟೆ ಎರಡೋ ಮೂರೋ ಇದ್ದರೂ ಅನೇಕ ಕಡೆ ಸಾಲು ಒಂದೇ. ಕಟ್ಟೆಯಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಪಾದದ ಗುರುತೋ ಬಾಣದ ಗುರುತೋ ಇರುತ್ತದೆ, ಅಲ್ಲಿ ನಿಲ್ಲಬೇಕು. ಯಾವ ಕಟ್ಟೆ ಖಾಲಿಯಾದರೂ ಸಾಲಿನ ಮೊದಲನೆಯವರು ಅಲ್ಲಿಗೆ ಹೋಗುತ್ತಾರೆ. ಪ್ರವಾಸಿ ನೆಲ ನೋಡುವುದಿಲ್ಲ, ಕಟ್ಟೆ ನೋಡುತ್ತಾನೆ. ಕಪಾಟಿನ ಪಕ್ಕ ನಿಂತವರು ಬಿಸ್ಕತ್ತು ಆರಿಸುತ್ತಿದ್ದಾರೆಂದು ಭಾವಿಸಿ, ಖಾಲಿ ಕಂಡಲ್ಲಿಗೆ ನಡೆದುಬಿಡುತ್ತಾನೆ. ಸಾಮಾನ್ಯವಾಗಿ ಅಲ್ಲಿ ಯಾರೂ ಕೂಗಾಡುವುದಿಲ್ಲ. ಆದ್ದರಿಂದ ತನ್ನ ತಪ್ಪು ಅವನಿಗೆ ತಿಳಿಯುವುದೂ ಇಲ್ಲ!

ಒಂದೇ ಸಾಲು ಏಕೆ? ಕೊಂಬಿನಿಯಲ್ಲಿ ಚಹಾ, ಅನ್ನದ ಉಂಡೆ ಮಾತ್ರವಲ್ಲ, ವಿದ್ಯುತ್ ಬಿಲ್ಲನ್ನೂ ಕಟ್ಟಬಹುದು, ಪಾರ್ಸೆಲ್ ಕಳಿಸಬಹುದು. ಒಬ್ಬರಿಗೆ ಅರ್ಧ ನಿಮಿಷ ಸಾಕು, ಇನ್ನೊಬ್ಬರಿಗೆ ಐದು ನಿಮಿಷ ಬೇಕು. ಕಟ್ಟೆಗೊಂದು ಸಾಲಿದ್ದರೆ, ಪಾರ್ಸೆಲ್ಲಿನವನ ಹಿಂದೆ ಸಿಕ್ಕಿಕೊಂಡವನು ತನಗಿಂತ ತಡವಾಗಿ ಬಂದವರು ಹೊರಟುಹೋಗುವುದನ್ನು ನೋಡುತ್ತ ನಿಲ್ಲಬೇಕು. ಒಂದೇ ಸಾಲಿದ್ದರೆ ಮೊದಲು ಬಂದವರಿಗೇ ಮೊದಲ ಪಾಳಿ. ಸರದಿಗಳ ಈ ಲೆಕ್ಕವೇ ಗಣಿತದ ಒಂದು ಶಾಖೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ, ದೂರವಾಣಿ ಕರೆಗಳನ್ನು ಕುರಿತ ಪ್ರಬಂಧದಿಂದ ಇದಕ್ಕೆ ತಳಹದಿ ಹಾಕಿದ. ಗಣಿತ ಪ್ರಿಯರು ಓದಬೇಕಾದ ವಿಷಯ.

‘ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂಬ ಮಾತನ್ನು ನೀವು ಬಹಳ ಸಲ ಕೇಳಿರುತ್ತೀರಿ. ನನಗೆ ಅದು ಒಪ್ಪಿಗೆಯಿಲ್ಲ. ಕೊಡದ ಪಾಳಿಯಲ್ಲಿ ಶಿಸ್ತು ಇಲ್ಲವೆ? ಕಾವಲುಗಾರನಿಲ್ಲದೆ ಅದು ನಡೆಯುತ್ತದೆ. ಅದರ ಕೊರತೆ ಬೇರೆ. ಒಂದೇ ಮನೆಯವರು ಆರು ಕೊಡ ಇಟ್ಟರೆ ಕೇಳುವವರು ಯಾರು? ಮೊನ್ನೆ ಬಾಡಿಗೆಗೆ ಬಂದ ಮನೆಯವರಿಗೆ, ಶಾಲೆಯ ಗಂಟೆಯೊಳಗೆ ನೀರು ತುಂಬಿಸಿಟ್ಟು ಓಡಬೇಕಾದ ಹುಡುಗಿಗೆ ಕೇಳುವ ಧೈರ್ಯ ಬರುವುದಿಲ್ಲ. ಬರೆಯದ ನಿಯಮ ಬಲ್ಲವರ ಪಾಲಿಗೆ ಸರಾಗ, ಹೊಸಬರ ಪಾಲಿಗೆ ಗೋಡೆ. ಜಪಾನಿನ ಅಂಗಡಿಕಾರ ನೆಲದ ಮೇಲೆ ಪಾದ ಅಂಟಿಸಿದ್ದಾನೆಂದರೆ, ಜಪಾನೀಯರಿಗೂ ಅದನ್ನು ಹೇಳಿಯೇ ತಿಳಿಸಬೇಕಾಯಿತು ಎಂದರ್ಥ. ಅಲ್ಲಿಯೂ ಎಲ್ಲೆಡೆ ಒಂದೇ ರೀತಿಯಿಲ್ಲ: ಚಲಿಸುವ ಮೆಟ್ಟಿಲಿನ ಮೇಲೆ ಟೋಕಿಯೋದವರು ಎಡಕ್ಕೆ ನಿಂತರೆ ಒಸಾಕಾದವರು ಬಲಕ್ಕೆ ನಿಲ್ಲುತ್ತಾರೆ.

ಕ್ಯೂಬಾ ದೇಶದಲ್ಲಿ ಇನ್ನೊಂದು ಉಪಾಯವಿದೆ. ಅಂಗಡಿಯ ಮುಂದೆ ಜನ ನೆರಳಿನಲ್ಲಿ ಅಲ್ಲಲ್ಲಿ ಕುಳಿತಿರುತ್ತಾರೆ, ಸಾಲೇ ಕಾಣದು. ಹೊಸದಾಗಿ ಬಂದವರು ‘ಕೊನೆಯವರು ಯಾರು?’ ಎಂದು ಗಟ್ಟಿಯಾಗಿ ಕೇಳುತ್ತಾರೆ. ಒಬ್ಬರು ಕೈ ಎತ್ತುತ್ತಾರೆ. ಅವರ ಮುಖ ನೆನಪಿಟ್ಟುಕೊಂಡರೆ ಆಯಿತು. ನಮ್ಮ ನಲ್ಲಿಯ ಹತ್ತಿರವೂ ಇದನ್ನು ಕೇಳಲು ಏನೂ ಖರ್ಚಿಲ್ಲ: ‘ಅಕ್ಕಾರೆ, ಕಡೀ ಕೊಡ ಯಾರದ್ರೀ?’