ಕಥೆಯೂ ಕಲ್ಲೂ

ತಮ್ಮೂರಿನ ಪರಂಪರೆಯನ್ನು ಕುರಿತು ತರಗತಿಯಲ್ಲಿ ಮಾತನಾಡಿರೆಂದು ನಾವು ಹೇಳಿದರೆ, ಬೆಂಗಳೂರಿನ ವಿದ್ಯಾರ್ಥಿಗಳು ಬೆಂದ ಕಾಳಿನ ಕಥೆಯಿಂದಲೇ ತೊಡಗುವರು. ಹಸಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತಳು. ಅದರಿಂದ ಊರು ‘ಬೆಂದಕಾಳೂರು’ ಆಯಿತಂತೆ. ಆಗ ನಾವು ಅವರನ್ನು ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಕಳುಹಿಸುವೆವು. ಬಲ್ಲಾಳನು ಪಟ್ಟವೇರಿದ್ದು 1173ರಲ್ಲಿ. ಅಲ್ಲಿಯ ವೀರಗಲ್ಲಾದರೋ ಸುಮಾರು ಕ್ರಿ.ಶ. 890ರದು. ಆ ಕಲ್ಲಿನಲ್ಲಿಯೇ ಬೆಂಗಳೂರಿನ ಕಾಳಗದ ಉಲ್ಲೇಖವಿದೆ!

ಹಾಗಾದರೆ ಅಜ್ಜಿಯ ಕಥೆಯನ್ನು ಬಿಡಬೇಕೆ? ಬೇಡ. ಕಥೆಯನ್ನು ಕಥೆಯೆಂದೂ ಶಾಸನವನ್ನು ಪ್ರಮಾಣವೆಂದೂ ವಿಂಗಡಿಸಿ ಹೇಳಲಿ. ಕಲ್ಲಿನ ಬೆಲೆಯನ್ನು ಹೀಗೆ ಅರಿತ ವಿದ್ಯಾರ್ಥಿಯು, ರಸ್ತೆ ಅಗಲಿಸುವಾಗ ಶಾಸನವೊಂದು ಮಣ್ಣುಪಾಲಾಗುವುದನ್ನು ಕಂಡು ಸುಮ್ಮನಿರಲಾರನು. ಊರಿನ ಸಾಕ್ಷಿಗಳು ಉಳಿಯುವುದು ಇಂಥವರಿಂದಲೇ.