ಮೊಬೈಲಿನ ಅಂಗಡಿಗೆ ಮಾಲಿನ ಯಾದಿಯೇ ಬಂಡವಾಳ
(ಸಭಾಸದರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬು ನಮಗೆ ರೊಕ್ಕದ ಬೆಳೆ ನಿಜ. ಆದರೆ ಅದರ ರೊಕ್ಕ ತಿಂಗಳ ತಿಂಗಳ ಕೈಗೆ ಬರುವಂಥದಲ್ಲ. ಸುರು ಕಬ್ಬಿಗೆ ಒಂದು ವರ್ಷ ಕಾಯಬೇಕು. ಆಡಸಾಲಿ ಹಚ್ಚಿದವರು ಒಂದೂವರೆ ವರ್ಷದ ಹತ್ತಿರ ಹತ್ತಿರ ಕಾಯಬೇಕು. ಮನೆಯ ಖರ್ಚು ಮಾತ್ರ ಹಂಗಾಮು ನೋಡಿ ಬರುವುದಿಲ್ಲ. ಸಾಲಿಯ ಫೀ, ದವಾಖಾನೆ, ದನಗಳ ಹಿಂಡಿ, ಇವೆಲ್ಲ ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಆಗ ಕೈಗಡ, ಕೈಗಡದ ಮೇಲೆ ಬಡ್ಡಿ. ಕಬ್ಬಿನ ಬಿಲ್ಲು ಬಂದಾಗ ಅರ್ಧ ಅದಕ್ಕೇ ಹೋಗುತ್ತದೆ.

ಕಾರಖಾನೆಗೆ ನೋಂದಿಸಿದ ಕಬ್ಬನ್ನು ಬೇರೆ ಕಡೆಗೆ ತಿರುಗಿಸಿರೆಂದು ನಾನು ಹೇಳುತ್ತಿಲ್ಲ. ಅದು ಕಾರಖಾನೆಗೇ ಬರಬೇಕು. ನಾನು ಹೇಳುವುದು ನಮ್ಮ ಮನೆಗಳಲ್ಲಿ ಈಗಾಗಲೇ ಇರುವ ಮಾಲಿನ ಮಾತು. ಸೋಲಾಪುರ ಕಡೆಯ ಶೇಂಗಾ ಚಟ್ನಿ ಮತ್ತು ಕಟಕ ರೊಟ್ಟಿ ಪುಣೆ, ಮುಂಬಯಿಗಳ ತನಕ ಹೆಸರಾಗಿವೆ. ಜತ್ತ ಭಾಗದಲ್ಲಿ ಒಣದ್ರಾಕ್ಷಿ ಇದೆ. ಬಿಳಿಜೋಳ, ತೊಗರಿಬೇಳೆ ಎಲ್ಲ ಕಡೆಗೂ ಇವೆ. ಇವನ್ನು ಮೊಬೈಲಿನ ಮೂಲಕ ನೇರವಾಗಿ ಗಿರಾಕಿಗೆ ಮಾರಲು ಇಂದು ಸಾಧ್ಯವಿದೆ.

ಹಾಗಾದರೆ ಅಂಗಡಿ ಇಡುವುದು ಹೇಗೆ? ಮೂರು ದಾರಿಗಳಿವೆ. ಮೊದಲನೆಯದು ವಾಟ್ಸಾಪ್ ಬಿಜಿನೆಸ್. ಇದರಲ್ಲಿ 2019ರಿಂದ ಮಾಲಿನ ಯಾದಿ, ಅಂದರೆ ಕ್ಯಾಟಲಾಗ್, ಇಡುವ ಅನುಕೂಲವಿದೆ. ಎರಡನೆಯದು ದೊಡ್ಡ ಮಾರಾಟ ತಾಣಗಳು. ಇಲ್ಲಿ ಗಿರಾಕಿಗಳು ಬಹಳ, ಆದರೆ ಕಮಿಷನ್ನು ಕೊಡಬೇಕಾಗುತ್ತದೆ. ಮೂರನೆಯದು ಸ್ವಂತ ಜಾಲತಾಣ. ಇದಕ್ಕೆ ವರ್ಷ ವರ್ಷ ಖರ್ಚಿದೆ, ನೋಡಿಕೊಳ್ಳುವವರೂ ಬೇಕು. ಮೊದಲನೆಯ ದಾರಿಯಿಂದ ಆರಂಭಿಸಿರೆಂಬುದೇ ನನ್ನ ಸಲಹೆ.

ಆದರೆ ಬಂಧುಗಳೇ, ಮೊಬೈಲು ಇದ್ದ ಮಾತ್ರಕ್ಕೆ ಅಂಗಡಿ ಆಗುವುದಿಲ್ಲ. ಸಂತೆಯಲ್ಲಿ ಗಿರಾಕಿ ಮಾಲನ್ನು ಮುಟ್ಟುತ್ತಾನೆ, ಮೂಸುತ್ತಾನೆ, ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡುತ್ತಾನೆ. ಮೊಬೈಲಿನಲ್ಲಿ ಅವನ ಕಣ್ಣು, ಕೈ, ನಾಲಿಗೆ ಎಲ್ಲವೂ ಆ ಯಾದಿಯೇ. ನಿಮ್ಮ ಕಬ್ಬಿಗೆ ಕಾಟಾದ ಚೀಟಿ ಹೇಗೋ ನಿಮ್ಮ ಮಾಲಿಗೆ ಯಾದಿ ಹಾಗೆ. ಕಾಟಾ ಸುಳ್ಳಾದರೆ ನೀವು ಸುಮ್ಮನಿರುತ್ತೀರಾ? ಗಿರಾಕಿಯೂ ಸುಮ್ಮನಿರುವುದಿಲ್ಲ. ಆದುದರಿಂದ ಯಾದಿ ಬರೆಯುವಾಗ ಈ ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು.

1. ಹೆಸರು. ನಾವು ಶೇಂಗಾ ಎನ್ನುತ್ತೇವೆ. ಬೆಂಗಳೂರಿನವರು ಕಡಲೆಕಾಯಿ ಎನ್ನುತ್ತಾರೆ. ನಮ್ಮ ರೊಟ್ಟಿ ಮರಾಠಿಯವರಿಗೆ ಭಾಕರಿ. ಗಿರಾಕಿ ತನಗೆ ಗೊತ್ತಿದ್ದ ಹೆಸರಿನಿಂದಲೇ ಹುಡುಕುತ್ತಾನೆ. ಗಡಿಯಲ್ಲಿ ಬಾಳುವ ನಮಗೆ ಎರಡೂ ಭಾಷೆ ಬರುತ್ತವೆ. ಎರಡೂ ಹೆಸರು ಬರೆಯಿರಿ. ಮಕ್ಕಳ ಕೈಯಿಂದ ಇಂಗ್ಲಿಷಿನಲ್ಲೂ ಬರೆಯಿಸಿರಿ.

2. ಚಿತ್ರ. ನಿಮ್ಮ ಮಾಲಿನದೇ ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ. ಬೇರೆಯವರ ಚೆಂದದ ಚಿತ್ರ ಹಾಕಿ ನಿಮ್ಮ ಮಾಲು ಕಳಿಸಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

3. ತೂಕ ಮತ್ತು ದರ. ಪಾಕೀಟಿನ ಮಾಲಿಗೆ 2011ರ ನಿಯಮಗಳ ಪ್ರಕಾರ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ದರ, ದೂರು ಹೇಳುವ ಫೋನ್ ನಂಬರು ಇರಬೇಕು. 2018 ಜನವರಿ 1ರಿಂದ ಮಾರಾಟ ತಾಣದ ಮೇಲೂ ಇವನ್ನು ತೋರಿಸಬೇಕೆಂದಾಗಿದೆ. ತಯಾರಿಸಿದ ತಿಂಗಳಿಗೆ ಮಾತ್ರ ವಿನಾಯಿತಿ.

4. ಬಾಳಿಕೆ. ಚಟ್ನಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ದಿನ ಕಳೆದಂತೆ ಕಮಟು ವಾಸನೆ ಹಿಡಿಯುತ್ತದೆ. ಎಷ್ಟು ದಿನ ಇರುತ್ತದೆಂದು ಮನೆಯಲ್ಲೇ ಇಟ್ಟು ನೋಡಿ, ನಂತರ ಬರೆಯಿರಿ. ಶೇಂಗಾ ಕೆಲವರ ಮೈಗೆ ಒಗ್ಗುವುದಿಲ್ಲ. ಅದು ಮಾಲಿನಲ್ಲಿದೆ ಎಂದು ಸ್ಪಷ್ಟವಾಗಿ ತಿಳಿಸುವುದು ಕಾಯದೆಯ ಮಾತೂ ಹೌದು.

5. ಊರಿನ ಹೆಸರು. ಮಂಗಳವೇಢೆಯ ಜೋಳ, ಸಾಂಗಲಿಯ ಒಣದ್ರಾಕ್ಷಿ, ಸೋಲಾಪುರದ ದಾಳಿಂಬೆ, ಇವಕ್ಕೆ ಭೌಗೋಲಿಕ ಗುರುತಿನ ರಕ್ಷಣೆ ದೊರೆತಿದೆ. ದರ ಏರಲೆಂದು ಬೇರೆ ಊರಿನ ಮಾಲಿಗೆ ಆ ಹೆಸರು ಹಚ್ಚಬಾರದು. ಆ ಊರಿನ ಬೆಳೆಗಾರರೂ ನೋಂದಾಯಿತ ಬಳಕೆದಾರರಾಗಿ ಹೆಸರು ಹಚ್ಚಿಸಿಕೊಳ್ಳಬೇಕು.

ಇನ್ನು ಲೆಕ್ಕದ ಮಾತು. ಉದಾಹರಣೆಗೆಂದು ಅಂಕಿ ಹಿಡಿಯೋಣ. ಕಾಲು ಕಿಲೋ ಚಟ್ನಿಗೆ ಸಾಮಾನು 45 ರೂಪಾಯಿ, ಕೂಲಿ 15, ಪಾಕೀಟು ಮತ್ತು ಚೀಟಿ 8, ಒಟ್ಟು 68. ಒಂದೇ ಪಾಕೀಟು ಕಳಿಸಲು 60 ರೂಪಾಯಿ ಸಾಗಣೆ ಬಿದ್ದರೆ ಅಸಲು 128 ಆಯಿತು. ನಾಲ್ಕು ಪಾಕೀಟು ಕೂಡಿ 90 ರೂಪಾಯಿಯಲ್ಲಿ ಹೋದರೆ ಅಸಲು 362, ಅಂದರೆ ಪಾಕೀಟಿಗೆ 90 ರೂಪಾಯಿ 50 ಪೈಸೆ. ಮನೆಯ ಹೆಣ್ಣುಮಕ್ಕಳ ಕೂಲಿಯನ್ನು ಲೆಕ್ಕದಿಂದ ಬಿಡಬೇಡಿರಿ. ಅದನ್ನು ಬಿಟ್ಟ ವ್ಯಾಪಾರದಲ್ಲಿ ಕಾಣುವ ಲಾಭ ಲಾಭವಲ್ಲ.

ರೊಟ್ಟಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅನೇಕ ಕೊರಿಯರಿನವರು ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಹಿಡಿಯುತ್ತಾರೆ. 40, 30, 20ರ ಡಬ್ಬಿಗೆ 4.8 ಕಿಲೋ ಆಗುತ್ತದೆ. ಒಳಗೆ ಒಂದೂವರೆ ಕಿಲೋ ರೊಟ್ಟಿ ಇದ್ದರೂ 4.8 ಕಿಲೋದ ಬಾಡಿಗೆ ಕೊಡಬೇಕು. ಆದ್ದರಿಂದ ರೊಟ್ಟಿಯ ಅಳತೆಗೆ ಸರಿಯಾದ ಡಬ್ಬಿಯನ್ನು ಮೊದಲು ಮಾಡಿಸಿರಿ.

ಕಾಗದಪತ್ರದ ಕೆಲಸ ತಪ್ಪಿಸುವಂತಿಲ್ಲ. ತಿನ್ನುವ ಪದಾರ್ಥ ತಯಾರಿಸಿ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿ ಇಲ್ಲವೆ ಪರವಾನಿಗೆ ಪಡೆದು ಅದರ 14 ಅಂಕಿಯ ನಂಬರನ್ನು ಪಾಕೀಟಿನ ಮೇಲೆ ಹಾಕಬೇಕು. ಗಡಿಯವರಾದ ನಾವು ಇನ್ನೊಂದು ಮಾತು ತಿಳಿದಿರಬೇಕು. ಅಕ್ಕಲಕೋಟೆಯವರಿಗೆ ಇಂಡಿ, ಆಳಂದ ಪುಣೆಗಿಂತ ಹತ್ತಿರ. ಬೀಗರೂ ಅಲ್ಲಿಯೇ ಇದ್ದಾರೆ. ಆದರೆ ತೆರಿಗೆಯ ಕಣ್ಣಿಗೆ ಅದು ಪರರಾಜ್ಯ. ತೆರಿಗೆ ಬೀಳುವ ಮಾಲನ್ನು ಪರರಾಜ್ಯಕ್ಕೆ ಮಾರಲು ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿ.ಎಸ್.ಟಿ. ನೋಂದಣಿ ಬೇಕು. ನೋಂದಣಿ ಆಗುವ ತನಕ ರಾಜ್ಯದೊಳಗೇ ಮಾರಿರಿ.

ಹಣ ಪಡೆಯುವಾಗ ಜಾಗ್ರತೆ ಇರಲಿ. ಯು.ಪಿ.ಐ.ಯಲ್ಲಿ ಹಣ ಬರುವುದಕ್ಕೆ ಪಿನ್ ಹಾಕಬೇಕಾಗಿಲ್ಲ. "ಹಣ ಕಳಿಸಿದ್ದೇನೆ, ಪಿನ್ ಒತ್ತಿರಿ" ಎನ್ನುವವನು ಗಿರಾಕಿಯಲ್ಲ, ಕಳ್ಳ.

ಕೊನೆಯದಾಗಿ, ಈ ಅಂಗಡಿಯನ್ನು ಒಬ್ಬೊಬ್ಬರೇ ಇಡುವುದಕ್ಕಿಂತ ಹತ್ತು ಮನೆಯವರು ಕೂಡಿ ಇಡುವುದು ಒಳ್ಳೆಯದು. ತಕ್ಕಡಿ ಒಂದು, ಕೊರಿಯರಿನ ಜೊತೆ ದರ ಕುದುರಿಸುವ ಬಲವೂ ಹತ್ತರಷ್ಟು. ಆದರೆ ಹತ್ತು ಮನೆಯ ಮಾಲು ಒಂದೇ ಹೆಸರಿನಲ್ಲಿ ಹೋದಾಗ ಒಂದು ಮನೆಯ ಹಳಸಿದ ಚಟ್ನಿ ಹತ್ತೂ ಮನೆಯ ಹೆಸರನ್ನು ಕೆಡಿಸುತ್ತದೆ. ಆದುದರಿಂದ ಪ್ರತಿ ಪಾಕೀಟಿಗೆ ಮನೆಯ ನಂಬರು, ತಯಾರಿಸಿದ ತಾರೀಖು ಹಾಕಿ ವಹಿಯಲ್ಲಿ ಬರೆದಿಡಿರಿ. ದೂರು ಬಂದರೆ ಯಾವ ಮನೆಯ ಮಾಲೆಂದು ಕೂಡಲೇ ತಿಳಿಯಬೇಕು, ಗಿರಾಕಿಗೆ ಉತ್ತರವೂ ಕೂಡಲೇ ಹೋಗಬೇಕು.

ಸಹಕಾರದಿಂದ ಕಾರಖಾನೆಯನ್ನೇ ನಡೆಸುತ್ತಿರುವವರು ನೀವು. ಐದೇ ಮಾಲಿನ ಒಂದು ಯಾದಿಯನ್ನು ನಡೆಸುವುದು ನಿಮಗೆ ಭಾರವಲ್ಲ. ಈ ಹಂಗಾಮು ಮುಗಿಯುವುದರೊಳಗೆ ಪ್ರತಿ ಗಟ್ಟಿನಲ್ಲಿ ಒಂದಾದರೂ ಇಂಥ ಅಂಗಡಿ ಆಗಲೆಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.