ಮಾತು ಒಂದು, ಕ್ಷೇತ್ರ ಹಲವು

(ಶತಮಾನೋತ್ಸವದ ಅಂಗವಾಗಿ ಕವಲಾಪುರದಲ್ಲಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರೆಹರೂಪ)



ಗಡಿನಾಡಿನ ಕನ್ನಡ ಶಾಲೆಯ ಉತ್ಸವದಲ್ಲಿ ಭಾಷೆಯ ಅಳಿವು ಉಳಿವಿನ ಕುರಿತು ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಬಲ್ಲವರು ಮಾಡಲಿದ್ದಾರೆ. ನಾನು ಎತ್ತಿಕೊಂಡಿರುವುದು ಚಿಕ್ಕ ಸಂಗತಿ. ನಾವು ದಿನವೂ ಆಡುವ ಕೆಲವು ಶಬ್ದಗಳು ಒಂದೆಡೆ ಒಂದು ಅರ್ಥದಲ್ಲಿ, ಇನ್ನೊಂದೆಡೆ ಬೇರೆಯದೇ ಅರ್ಥದಲ್ಲಿ ಚಲಾವಣೆಯಲ್ಲಿರುತ್ತವೆ. ಅದನ್ನು ಗಮನಿಸದೆ ಹೋದಾಗ ಯಾರಿಗೆ ಏನು ನಷ್ಟವಾಗುತ್ತದೆ ಎಂಬುದೇ ಇಂದಿನ ವಿಷಯ.

‘ಕ್ಷೇತ್ರ’ ಎಂಬ ಮಾತನ್ನೇ ನೋಡಿ. ಕೃಷ್ಣಾ ಪಂಚಗಂಗೆಯರ ಸಂಗಮದ ನರಸೋಬಾವಾಡಿ ದತ್ತಕ್ಷೇತ್ರ. ಅಲ್ಲಿ ಕ್ಷೇತ್ರವೆಂದರೆ ಪುಣ್ಯಸ್ಥಳ. ತಲಾಠಿಯ ದಫ್ತರದಲ್ಲಿ ಕ್ಷೇತ್ರವೆಂದರೆ ನಿಮ್ಮ ಹೊಲದ ವಿಸ್ತೀರ್ಣ. ಚುನಾವಣೆಯಲ್ಲಿ ಅದು ಮತಕ್ಷೇತ್ರ, ಪ್ರಯೋಗಶಾಲೆಯಲ್ಲಿ ಕಾಂತದ ಸುತ್ತಲಿನ ಪ್ರಭಾವಲಯ. ಇಲ್ಲಿ ಯಾರೂ ಮೋಸಹೋಗುವುದಿಲ್ಲ, ಏಕೆಂದರೆ ಅರ್ಥಗಳು ಬಹಳ ದೂರದೂರ ಇವೆ. ಮಿರಜಿನ ‘ಜವಾರಿ’ಯೂ ಹಾಗೆಯೇ. ನಮ್ಮ ಮನೆಗಳಲ್ಲಿ ಜವಾರಿ ಎಂದರೆ ನಾಟಿ ತಳಿ: ಜವಾರಿ ಕೋಳಿ, ಜವಾರಿ ಮೆಣಸಿನಕಾಯಿ. ಮಿರಜಿನ ತಂಬೂರಿ ಕುಶಲಕರ್ಮಿಗೆ ಅದು ತಂತಿಯ ಕೆಳಗಿನ ಕುದುರೆಯ ಮೇಲ್ಮೈಯನ್ನು ಉಜ್ಜಿ ಹದಗೊಳಿಸುವ ಕೆಲಸ. ಆ ಹದದಿಂದ ಹುಟ್ಟುವ ಝೇಂಕಾರಕ್ಕೂ ಅದೇ ಹೆಸರು. 2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಪತ್ರಿಕೆಗಳಲ್ಲಿ ಈ ಮಾತನ್ನು ಓದಿದ ನಮ್ಮವರು ಕೋಳಿಯನ್ನು ನೆನೆದು ನಕ್ಕಿದ್ದರೆ ಆಶ್ಚರ್ಯವಿಲ್ಲ. ನಗು ಬಂದರೆ ಅಪಾಯವಿಲ್ಲ. ಅಪಾಯವಿರುವುದು ನಗು ಬಾರದ ಕಡೆ, ಅರ್ಥಗಳು ಅಕ್ಕಪಕ್ಕದಲ್ಲಿ ಕುಳಿತಿರುವ ಕಡೆ.

ಅಂಥ ಮಾತುಗಳಲ್ಲಿ ನನಗೆ ಮೊದಲು ತೋರುವುದು ‘ಶಕ್ತಿ’. ಕರ್ನಾಟಕದ ವಿಜ್ಞಾನ ಪಠ್ಯಗಳಲ್ಲಿ ಇಂಗ್ಲಿಷಿನ ಎನರ್ಜಿಗೆ ಶಕ್ತಿ ಎನ್ನುತ್ತಾರೆ, ಪವರ್‌ಗೆ ಸಾಮರ್ಥ್ಯ ಎನ್ನುತ್ತಾರೆ. ಮರಾಠಿಯ ಪುಸ್ತಕದಲ್ಲಿ ಎನರ್ಜಿ ಊರ್ಜಾ ಆಗುತ್ತದೆ, ಪವರ್ ಶಕ್ತೀ ಆಗುತ್ತದೆ. ಕನ್ನಡ ಪುಸ್ತಕ ಓದಿ ಬೆಳೆದ ಹುಡುಗಿ ಮುಂದೆ ಮರಾಠಿಯಲ್ಲಿ ಕಲಿಸುವ ಕಾಲೇಜಿಗೆ ಹೋಗಿ ‘ಶಕ್ತೀ’ ಎಂಬ ಪರಿಚಿತ ಮಾತನ್ನು ಕಂಡಾಗ ಹಳೆಯ ಅರ್ಥವನ್ನೇ ಹೊತ್ತು ಉತ್ತರ ಬರೆದರೆ ಅವಳ ತಪ್ಪೇನು? ಗೊತ್ತಿಲ್ಲದ ಮಾತಾಗಿದ್ದರೆ ಕೇಳುತ್ತಿದ್ದಳು. ಗೊತ್ತಿದೆ ಎನಿಸುವ ಮಾತನ್ನು ಯಾರೂ ಕೇಳುವುದಿಲ್ಲ. ‘ಶಬ್ದ’ವೂ ಇದೇ ಜಾತಿಯದು. ನಮ್ಮಲ್ಲಿ ಅದು ವಿಜ್ಞಾನದ ಪಾಠದ ಹೆಸರೂ ಹೌದು, ಕೇಶಿರಾಜನ ವ್ಯಾಕರಣದ ಹೆಸರಿನೊಳಗೆ ಕುಳಿತ ಪದವೂ ಹೌದು. ಮರಾಠಿಯ ವಿಜ್ಞಾನದಲ್ಲಿ ಅದೇ ಪಾಠಕ್ಕೆ ‘ಧ್ವನೀ’ ಎನ್ನುತ್ತಾರೆ. ಆದರೆ ‘ಧ್ವನಿ’ ಎಂದೊಡನೆ ಕಾವ್ಯಶಾಸ್ತ್ರ ಓದಿದವನು ಆನಂದವರ್ಧನನನ್ನು, ಕವಿತೆಯಲ್ಲಿ ಹೇಳದೆ ಹೊಳೆಯುವ ಅರ್ಥವನ್ನು ನೆನೆಯುತ್ತಾನೆ. ರಂ.ಶ್ರೀ. ಮುಗಳಿಯವರಂಥ ವಿದ್ವಾಂಸರು ಕನ್ನಡ ಕಲಿಸಿದ ವಿಲಿಂಗ್ಡನ್ ಕಾಲೇಜು ಇಲ್ಲಿಂದ ದೂರವೇನಲ್ಲ. ಒಂದೇ ಕಟ್ಟಡದ ಎರಡು ಕೋಣೆಗಳಲ್ಲಿ ಒಂದೇ ಮಾತಿಗೆ ಎರಡು ಪಾಠ ನಡೆಯುವುದೆಂದರೆ ಇದು.

ಕನ್ನಡದೊಳಗೇ ಈ ಗೊಂದಲವಿಲ್ಲವೆಂದು ಭಾವಿಸಬೇಡಿ. ಪವರ್‌ಗೆ ಸಾಮರ್ಥ್ಯ ಎಂದು ಕಲಿಸುವ ನಾವೇ ಬಾವಿಯ ಮೋಟಾರು ಐದು ‘ಅಶ್ವಶಕ್ತಿ’ಯದು ಎನ್ನುತ್ತೇವೆ. ಆ ಅಶ್ವಶಕ್ತಿ ಶಕ್ತಿಯ ಅಳತೆಯಲ್ಲ, ಸಾಮರ್ಥ್ಯದ ಅಳತೆ: ಐದು ಎಂದರೆ ಸುಮಾರು 3.7 ಕಿಲೋವ್ಯಾಟ್. ಮೋಟಾರನ್ನು ಎಷ್ಟು ತಾಸು ಓಡಿಸಿದಿರಿ ಎಂಬುದು ಸೇರಿದ ಮೇಲೆಯೇ ಅದು ಶಕ್ತಿಯಾಗಿ, ಯೂನಿಟ್ಟಾಗಿ, ಬಿಲ್ಲಿನ ಮೇಲೆ ಬರುತ್ತದೆ. ಚಿಕ್ಕ ಮೋಟಾರು ಇಟ್ಟುಕೊಂಡರೆ ಬಿಲ್ಲು ತಾನಾಗಿ ಇಳಿಯುತ್ತದೆಂದು ನಂಬುವವರು ಈ ಎರಡನ್ನು ಒಂದು ಮಾಡಿಕೊಂಡವರು. ಚಿಕ್ಕದು ಹೆಚ್ಚು ಹೊತ್ತು ಓಡಬೇಕಾಗುತ್ತದೆ.

ಇದೇ ಶಕ್ತಿ ಆಸ್ಪತ್ರೆಗೆ ಹೋದಾಗ ಇನ್ನೊಂದು ವೇಷ ತೊಡುತ್ತದೆ. ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದ ಮೇಲೆ ಮಿರಜು ವೈದ್ಯಕೀಯದ ಊರಾಯಿತು. ಗಡಿಯಾಚೆಯ ಕನ್ನಡ ಹಳ್ಳಿಗಳ ರೋಗಿಗಳೂ ಇಲ್ಲಿಗೆ ಬರುತ್ತಾರೆ. ಆಯಾಸಗೊಂಡ ಹಿರಿಯರು ವೈದ್ಯರನ್ನು ಕೇಳುವುದು ‘ಶಕ್ತಿಗೆ ಒಂದು ಬಾಟಲಿ ಹಚ್ಚಿರಿ’ ಎಂದು. ಸಾಧಾರಣ ಸಲೈನಿನ ಅರ್ಧ ಲೀಟರಿನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಭೌತಶಾಸ್ತ್ರದ ಅರ್ಥದಲ್ಲಾಗಲಿ, ಆಹಾರದ ಅರ್ಥದಲ್ಲಾಗಲಿ ಅದರಿಂದ ಮೈಗೆ ಸಿಗುವ ಶಕ್ತಿ ಸೊನ್ನೆ. ಐದು ಪ್ರತಿಶತದ ಗ್ಲೂಕೋಸ್ ಬಾಟಲಿಯಾದರೂ 25 ಗ್ರಾಂ, ಐದಾರು ಚಿಕ್ಕ ಚಮಚ ಸಕ್ಕರೆಯಷ್ಟು. ವಾಂತಿ ಭೇದಿಯಿಂದ ನೀರಾರಿದವನಿಗೆ ಆ ಬಾಟಲಿ ಪ್ರಾಣ ಉಳಿಸುತ್ತದೆ, ಅದು ನಿಜ. ಊಟ ಸಾಲದೆ ಸೋತವನಿಗೆ ಅದು ಊಟವಲ್ಲ.

ವೈದ್ಯರು ‘ಅಕ್ಯೂಟ್’ ಎಂದರೆ ಥಟ್ಟನೆ ಬಂದ ಬೇನೆ, ‘ಕ್ರಾನಿಕ್’ ಎಂದರೆ ಬಹುಕಾಲದಿಂದ ಇರುವ ಬೇನೆ. ಎರಡರಲ್ಲಿಯೂ ಎಷ್ಟು ಗಂಭೀರ ಎಂಬ ತೀರ್ಪು ಇಲ್ಲ. ಪತ್ರಿಕೆಗಳು ಮೊದಲನೆಯದನ್ನು ‘ತೀವ್ರ’ ಎಂದು ಅನುವಾದಿಸುತ್ತವೆ, ಓದುಗ ಭಯಪಡುತ್ತಾನೆ. ಎರಡನೆಯದನ್ನು ಕೇಳಿದವನು ಇನ್ನು ವಾಸಿಯಾಗದು ಎಂದು ಔಷಧಿಯನ್ನೇ ಬಿಡುತ್ತಾನೆ.

ಇಲ್ಲಿ ನಾನು ಶಿಕ್ಷಕ ಮಿತ್ರರೊಡನೆ ಒಂದು ಜಗಳ ಆಡಬೇಕಾಗಿದೆ. ಮಗು ದಿನಬಳಕೆಯ ಅರ್ಥದಲ್ಲಿ ‘ಕೆಲಸ’ ಎಂದಾಗ ‘ಅದು ತಪ್ಪು, ವಿಜ್ಞಾನದಲ್ಲಿ ಹಾಗಲ್ಲ’ ಎಂದು ತಿದ್ದುವ ಅಭ್ಯಾಸ ನಮ್ಮಲ್ಲಿದೆ. ಸಾಂಗಲಿಯ ಅರಿಸಿನ ಪೇಟೆಯಲ್ಲಿ ಐವತ್ತು ಕಿಲೋ ಚೀಲವನ್ನು ಹಮಾಲನೊಬ್ಬ ಒಂದೂವರೆ ಮೀಟರು ಎತ್ತಿ ಬೆನ್ನಿಗೆ ಹಾಕಿಕೊಂಡರೆ ಭೌತಶಾಸ್ತ್ರದ ಪ್ರಕಾರ ಅವನು ಚೀಲದ ಮೇಲೆ ಮಾಡಿದ ಕೆಲಸ ಸುಮಾರು 735 ಜೂಲ್. ಆಮೇಲೆ ಅದನ್ನು ಹೊತ್ತು ಸಮನೆಲದ ಮೇಲೆ ಒಂದೇ ವೇಗದಲ್ಲಿ ನೂರು ಹೆಜ್ಜೆ ನಡೆದರೆ ಚೀಲದ ಮೇಲೆ ಮಾಡಿದ ಕೆಲಸ ಸೊನ್ನೆ. ಈ ಲೆಕ್ಕ ಸರಿಯಾಗಿದೆ. ಆದರೆ ಆ ಹಮಾಲನ ಮಗಳು ತರಗತಿಯಲ್ಲಿ ಕುಳಿತಿದ್ದಾಳೆ. ಅವಳ ಅಪ್ಪ ನೂರು ಹೆಜ್ಜೆಗೂ ಕೂಲಿ ಪಡೆಯುತ್ತಾನೆ, ಪಡೆಯಲೇಬೇಕು. ಕೆಲಸವೆಂಬ ಮಾತು ಮೊದಲು ಅವನದು. ಭೌತಶಾಸ್ತ್ರವು ಅದನ್ನು ಕಡ ತೆಗೆದುಕೊಂಡು ತನ್ನ ಅನುಕೂಲಕ್ಕೆ ಅಂಚು ಕತ್ತರಿಸಿಕೊಂಡಿತು. ಕಡ ತಂದವನು ಕೊಟ್ಟವನನ್ನು ತಿದ್ದುವುದು ಸಲ್ಲದು. ‘ನಿಮ್ಮ ಮನೆಯಲ್ಲಿ ಕೆಲಸವೆಂದರೆ ಇಷ್ಟು, ಈ ಪುಸ್ತಕದಲ್ಲಿ ಕೆಲಸವೆಂದರೆ ಇಷ್ಟೇ, ಏಕೆ ಹೀಗೆ ಕತ್ತರಿಸಿದರು ನೋಡೋಣ’ ಎಂದರೆ ಮಗುವಿಗೆ ಎರಡೂ ಉಳಿಯುತ್ತವೆ.

ಈಗ ಪಾಲಕರ ಪಾಲಿಗೆ ಬರುತ್ತೇನೆ. ಈ ಭಾಗದ ಕನ್ನಡ, ಮರಾಠಿ ಎರಡರಲ್ಲಿಯೂ ‘ಉತಾರ’ದಷ್ಟು ದುಡಿಯುವ ಮಾತು ಇನ್ನೊಂದು ಇರಲಾರದು. ಗಾಡಿ ಹೊಡೆಯುವವನಿಗೆ ಅದು ಇಳಿಜಾರು. ಅಜ್ಜಿಗೆ ಅದು ಮಗುವಿನ ದೃಷ್ಟಿ ತೆಗೆಯುವ ಬಗೆ. ತಲಾಠಿಯ ಬಳಿ ಅದು ಸಾತಬಾರಾ ಉತಾರ: ಹೊಲ ಯಾರದೆಂದು ಹೇಳುವ ಗ್ರಾಮ ನಮೂನೆ ಏಳು, ಬೆಳೆ ಏನೆಂದು ಹೇಳುವ ನಮೂನೆ ಹನ್ನೆರಡು, ಕರ್ನಾಟಕದ ನಮ್ಮ ನೆಂಟರು ಪಹಣಿ ಎನ್ನುವುದಕ್ಕೆ ಹತ್ತಿರದ್ದು. ಕಬ್ಬು ಬೆಳೆದವನು ‘ಈ ವರ್ಷ ಉತಾರ ಚೆನ್ನಾಗಿ ಬಂತು’ ಎಂದರೆ ಎಕರೆಗೆ ಇಷ್ಟು ಟನ್ನು ಬಂತೆಂದು ಅರ್ಥ. ಸಕ್ಕರೆ ಕಾರಖಾನೆಯ ಫಲಕದ ಮೇಲೆ ‘ಉತಾರ’ ಎಂದರೆ ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಕೈಗೆ ಬಂತು ಎಂಬ ಪ್ರತಿಶತ.

ಕೊನೆಯ ಎರಡು ಅರ್ಥಗಳೇ ಅಕ್ಕಪಕ್ಕದಲ್ಲಿ ಕುಳಿತಿರುವುದು. ಅವು ಒಂದೇ ದಿಕ್ಕಿಗೆ ಹೋಗಬೇಕೆಂದಿಲ್ಲ. ಹೆಚ್ಚು ನೀರು ಕೊಟ್ಟು, ತಡವಾಗಿ ಯೂರಿಯಾ ಹಾಕಿದರೆ ಕಬ್ಬಿನ ತೂಕ ಏರಬಹುದು, ಸಕ್ಕರೆಯ ಅಂಶ ಇಳಿಯಬಹುದು. ರೈತನ ಉತಾರ ಏರಿದ ವರ್ಷವೇ ಕಾರಖಾನೆಯ ಉತಾರ ಇಳಿದದ್ದಿರಬಹುದು. ದರ ನಿಂತಿರುವುದು ಎರಡನೆಯದರ ಮೇಲೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್‌ಆರ್‌ಪಿ, 10.25 ಪ್ರತಿಶತ ಉತಾರಕ್ಕೆ ಕ್ವಿಂಟಲಿಗೆ 340 ರೂಪಾಯಿ. ಅಲ್ಲಿಂದ ಮೇಲೆ ಪ್ರತಿ 0.1 ಪ್ರತಿಶತಕ್ಕೆ 3 ರೂಪಾಯಿ 32 ಪೈಸೆ ಹೆಚ್ಚು. ಉತಾರ 12.25 ಆದರೆ ಟನ್ನಿಗೆ 664 ರೂಪಾಯಿ ಹೆಚ್ಚಿ, 3400 ಇದ್ದದ್ದು 4064 ಆಗುತ್ತದೆ. ಆದರೆ ಈ ಉತಾರ ನಿಮ್ಮ ಹೊಲದ ಕಬ್ಬಿನದಲ್ಲ, ಕಾರಖಾನೆ ಅರೆದ ಒಟ್ಟು ಕಬ್ಬಿನ ಸರಾಸರಿ. ಮತ್ತು ನಮ್ಮ ರಾಜ್ಯದಲ್ಲಿ ಆ ಮೊತ್ತದಿಂದ ಕಟಾವು ಹಾಗೂ ಸಾಗಾಣಿಕೆಯ ಖರ್ಚು ಕಳೆದ ಮೇಲೆ ಉಳಿಯುವುದು ರೈತನ ಖಾತೆಗೆ ಬರುತ್ತದೆ. ಸಭೆಯಲ್ಲಿ ಒಬ್ಬರು ‘ದರ’ ಎಂದಾಗ ಕಳೆಯುವ ಮುಂಚಿನದು, ಇನ್ನೊಬ್ಬರು ‘ದರ’ ಎಂದಾಗ ಕಳೆದ ನಂತರದ್ದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೂ ಸಭೆ ಗದ್ದಲದಲ್ಲಿ ಮುಗಿಯುತ್ತದೆ. ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳು ಶೇಕಡಾವಾರು ಲೆಕ್ಕವನ್ನು ಈ ಬಿಲ್ಲಿನ ಮೇಲೆಯೇ ಕಲಿಯಬಹುದಲ್ಲವೇ?

ಟನ್ನಿನ ಮಾತು ಬಂತಾದ್ದರಿಂದ ಒಂದನ್ನು ಹೇಳಿ ಮುಂದುವರಿಯುತ್ತೇನೆ. ತಾಸಗಾಂವದ ದಾರಿಯಲ್ಲಿ ಒಣದ್ರಾಕ್ಷಿಯ ಶೀತಗೃಹಗಳನ್ನು ನೋಡಿದ್ದೀರಿ. ಅಲ್ಲಿ ಸರಕು ಇಷ್ಟು ಟನ್ನು ಎಂದರೆ ತೂಕ. ಯಂತ್ರ ಇಷ್ಟು ಟನ್ನಿನದು ಎಂದರೆ ತೂಕವಲ್ಲ. ಒಂದು ದಿನದಲ್ಲಿ ಒಂದು ಟನ್ನು ಮಂಜುಗಡ್ಡೆ ಕರಗುವಾಗ ಎಷ್ಟು ಉಷ್ಣವನ್ನು ಹೀರುತ್ತದೋ ಅಷ್ಟನ್ನು ಹೊರಹಾಕುವ ದರ, ಸುಮಾರು ಮೂರೂವರೆ ಕಿಲೋವ್ಯಾಟ್. ನಿಮ್ಮ ಮನೆಯ ಒಂದೂವರೆ ಟನ್ನಿನ ಏಸಿಯೂ ಈ ಲೆಕ್ಕದ್ದೇ.

ಕೊನೆಯ ಮಾತು ‘ನೂರು ವರ್ಷ’. ನಮ್ಮ ಉತ್ಸವದಲ್ಲಿ ಇದರ ಅರ್ಥ ಸರಳ: ಒಂದಾದ ಮೇಲೆ ಒಂದು, ನೂರು ಬಾರಿ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯಿತು. ಜಲತಜ್ಞರು ‘ನೂರು ವರ್ಷದ ಪ್ರವಾಹ’ ಎನ್ನುವಾಗ ಹೀಗೆ ಎಣಿಸುವುದಿಲ್ಲ. ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರರಲ್ಲಿ ಒಂದು ಇರುವಷ್ಟು ದೊಡ್ಡ ನೆರೆ ಎಂಬುದು ಅವರ ಅರ್ಥ. ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ: ಕೊಡದಲ್ಲಿ ನೂರು ಗೋಲಿಗಳಿವೆ, ತೊಂಬತ್ತೊಂಬತ್ತು ಬಿಳಿ, ಒಂದು ಕೆಂಪು. ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಒಂದನ್ನು ತೆಗೆದು, ನೋಡಿ, ಮರಳಿ ಕೊಡಕ್ಕೇ ಹಾಕಬೇಕು. ಈ ವರ್ಷ ಕೆಂಪು ಬಂದಿತೆಂದು ಬರುವ ವರ್ಷ ಅದು ಕೊಡದಲ್ಲಿ ಇಲ್ಲದೆ ಹೋಗುವುದಿಲ್ಲ. ಮೂವತ್ತು ವರ್ಷ ಹೀಗೆ ತೆಗೆದರೆ ಒಮ್ಮೆಯಾದರೂ ಕೆಂಪು ಬರುವ ಸಂಭವ ನೂರರಲ್ಲಿ ಇಪ್ಪತ್ತಾರು. ನೂರು ವರ್ಷ ತೆಗೆದರೂ ಅದು ಅರವತ್ತಮೂರು ಮಾತ್ರ, ಪೂರ್ತಿ ನೂರಲ್ಲ.

1929ರಲ್ಲಿ ತೆರೆದ ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ಕೃಷ್ಣೆಯ ಮಟ್ಟ 40 ಅಡಿಗೆ ಬಂದರೆ ಎಚ್ಚರಿಕೆ, 45ಕ್ಕೆ ಅಪಾಯ. 2005ರಲ್ಲಿ ನದಿ ಊರಿಗೆ ನುಗ್ಗಿತು. ‘ಇನ್ನು ನಮ್ಮ ಕಾಲಕ್ಕೆ ಇಷ್ಟು ಬಾರದು’ ಎಂದು ಅನೇಕರು ಆಗ ಹೇಳಿದರು. 2019ರ ಆಗಸ್ಟಿನಲ್ಲಿ ಅದೇ ಸೇತುವೆಯ ಅಳತೆಪಟ್ಟಿ 57 ಅಡಿ ದಾಟಿತು. 2021ರಲ್ಲಿ ಮತ್ತೆ ನೆರೆ. ಅಳತೆಪಟ್ಟಿಯ ಆ ಅಡಿ ನಿಮ್ಮ ಓಣಿಯ ನೀರಿನ ಆಳವಲ್ಲ, ಅದೂ ಇನ್ನೊಂದು ಕ್ಷೇತ್ರದ ಮಾತು. ಪಟ್ಟಿಯ ಮೇಲೆ ಎಷ್ಟು ಅಡಿಯಾದಾಗ ತಮ್ಮ ಹೊಸ್ತಿಲಿಗೆ ನೀರು ಬರುತ್ತದೆ ಎಂದು ಗುರುತು ಹಾಕಿಕೊಂಡ ಮನೆಯವರು ದನಕರುಗಳನ್ನು ಹೊತ್ತಿಗೆ ಸರಿಯಾಗಿ ಬಿಚ್ಚಬಲ್ಲರು. ಕವಲಾಪುರ ಕೃಷ್ಣೆಯ ದಂಡೆಯ ಮೇಲಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳು ದಂಡೆಯ ಮೇಲಿವೆ.

ಶಾಲೆಗೆ ನನ್ನ ಕಾಣಿಕೆಯಾಗಿ ಒಂದು ದಪ್ಪ ವಹಿಯನ್ನು ತಂದಿದ್ದೇನೆ. ಒಂದೊಂದು ಪುಟದ ತಲೆಯ ಮೇಲೆ ಒಂದೊಂದು ಮಾತು. ಕೆಳಗೆ ಅದನ್ನು ಯಾರು, ಎಲ್ಲಿ, ಯಾವ ಅರ್ಥದಲ್ಲಿ ಆಡುತ್ತಾರೆ, ಅಳತೆ ಇದ್ದರೆ ಯಾವುದರಲ್ಲಿ ಅಳೆಯುತ್ತಾರೆ ಎಂದು ಮಕ್ಕಳು ತಮ್ಮ ಮನೆಯವರನ್ನು ಕೇಳಿ ಬರೆಯಲಿ. ಕನ್ನಡ, ಮರಾಠಿ ಎರಡೂ ಇರಲಿ. ‘ಶಕ್ತಿ’, ‘ಉತಾರ’, ‘ನೂರು ವರ್ಷ’ ಈ ಮೂರು ಪುಟಗಳನ್ನು ನಾನೇ ತುಂಬಿಸಿದ್ದೇನೆ. ನಾಲ್ಕನೆಯ ಪುಟಕ್ಕೆ ‘ತೂಕ’ ಎಂದು ತಲೆಬರೆಹ ಮಾತ್ರ ಹಾಕಿಟ್ಟಿದ್ದೇನೆ. ಪೇಟೆಯಲ್ಲಿ ಕಾಟಾ ನೋಡುವವರು ಈ ಸಭೆಯಲ್ಲಿ ಒಬ್ಬಿಬ್ಬರಾದರೂ ಇರಬೇಕು. ಊಟಕ್ಕೆ ಏಳುವ ಮುನ್ನ ಅವರು ಮುಖ್ಯಾಧ್ಯಾಪಕರ ಮೇಜಿನ ಹತ್ತಿರ ಬಂದರೆ ಆ ಪುಟವನ್ನು ಇಂದೇ ಆರಂಭಿಸಬಹುದು.